ಕಾಲಿಗೆ ಕೊಟ್ಟ ಕರೆಂಟು

ಸಿದ್ದಾಪುರ
ನವೆಂಬರ್ 12, 2024

ನಮಿತಾ ಕೂಸೇ,

ಹೇಗಿದ್ದೀಯ? ಅಭಿಜ್ಞಾಳ ನೆಗಡಿ ಇಳಿಯಿತೇ? ಅಳಿಯ ಆನಂದ, ನಿನ್ನ ಅತ್ತೆ ಸಿದ್ದವ್ವನವರು ಕ್ಷೇಮವೇ? ಮಗುವಿನ ನಾಮಕರಣಕ್ಕೆ ನಾನು ಯಲ್ಲಾಪುರಕ್ಕೆ ಬರಲಿಲ್ಲ. ಆರು ತಿಂಗಳಾಯಿತು, ಫೋನ್ ಮಾಡಿದರೂ ನೀನು ‘ಬಾ ಆಯಿ’ ಎನ್ನುವುದಿಲ್ಲ. ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅಪ್ಪಯ್ಯ ಪಕ್ಕದಲ್ಲೇ ಕಿವಿ ಕೊಟ್ಟು ಕೂತಿರುತ್ತಾರೆ.

ಮೂರು ವರ್ಷದಿಂದ ನನಗೆ ಮೂತ್ರ ತಡೆಯಲು ಆಗುತ್ತಿರಲಿಲ್ಲ ಮಾರಾಯ್ತಿ. ಬಂತು ಎನ್ನುವಷ್ಟರಲ್ಲಿ ಓಡಬೇಕು. ಓಡುವಷ್ಟರಲ್ಲಿ ಸೀರೆ ಒದ್ದೆ. ನೀರು ಕುಡಿಯುವುದನ್ನೇ ಬಿಟ್ಟು ನೋಡಿದೆ, ಉರಿ ಶುರುವಾಯಿತು. ಕಡೆಗೆ ಶಿರಸಿಯ ಡಾಕ್ಟರ ಹತ್ತಿರ ಬಾಯಿಬಿಟ್ಟೆ. ಮಾತ್ರೆ ನನಗೆ ಆಗಿಬರಲಿಲ್ಲ. ಆಗ ಅವರು ಸ್ಫೂರ್ತಿ ಎಂಬ ಫಿಸಿಯೋಥೆರಪಿ ಹುಡುಗಿಯ ಹತ್ತಿರ ಕಳಿಸಿದರು. ಹಾನಗಲ್ ಕಡೆಯವಳು, ನಿನ್ನದೇ ವಯಸ್ಸು. ತಲೆ ತಗ್ಗಿಸಿ ಕೂತಿದ್ದೆ. “ನಾಚ್ಕೋಬ್ಯಾಡ್ರಿ ಅಮ್ಮಾರ, ವಾರಕ್ಕ ನಾಕ್ ಮಂದಿ ಇದಕ್ಕ ಬರ್ತಾರ್ರಿ” ಎಂದಳು. ನಾನೊಬ್ಬಳೇ ಎಂದುಕೊಂಡಿದ್ದೆನಲ್ಲ, ಅಳುವೇ ಬಂತು.

ಏನು ವಿದ್ಯೆ ನೋಡು! ತೊಂದರೆ ಹೊಟ್ಟೆಯ ಕೆಳಗೆ, ಕರೆಂಟು ಕೊಡುವುದು ಕಾಲಿಗೆ. ಹಿಮ್ಮಡಿಯ ಹತ್ತಿರ ಎರಡು ಪಟ್ಟಿ ಅಂಟಿಸಿ ವಾರಕ್ಕೊಮ್ಮೆ ಅರ್ಧ ಗಂಟೆ ಕೂರಿಸುತ್ತಾಳೆ. ಅಲ್ಲಿಯ ನರವೂ ಮೂತ್ರಚೀಲದ ನರವೂ ಬೆನ್ನುಹುರಿಯಲ್ಲಿ ಒಂದೇ ಕಡೆ ಸೇರುತ್ತವಂತೆ. ಜುಮುಜುಮು ಅನ್ನುತ್ತದೆ, ಹೆಬ್ಬೆರಳು ತನ್ನಷ್ಟಕ್ಕೇ ಕುಣಿಯುತ್ತದೆ, ನೋವಿಲ್ಲ. ಎಲ್ಲರಿಗೂ ಗುಣ ಕಾಣುವುದಿಲ್ಲ ಎಂದು ಮೊದಲೇ ಹೇಳಿದ್ದಳು. ಆ ನೇರ ಮಾತು ನನಗೆ ಬಹಳ ಹಿಡಿಸಿತು. ದಿನಕ್ಕೆ ಎಷ್ಟು ಸಲ ಹೋದೆನೆಂದು ಕ್ಯಾಲೆಂಡರಿನಲ್ಲಿ ಗೀಟು ಹಾಕಿಸಿದಳು. ಅಪ್ಪಯ್ಯ ಅದನ್ನು ಜಪದ ಎಣಿಕೆಯೆಂದು ತಿಳಿದು ವಾರಗಟ್ಟಲೆ ನನಗೆ ಮರ್ಯಾದೆ ಕೊಟ್ಟರು.

ಆರು ವಾರ ಏನೂ ಇಲ್ಲ. ಎಂಟನೆಯ ವಾರ ಗೀಟು ಕಡಿಮೆಯಾದವು. ಮೊದಲ ದಿನ ನಮ್ಮೂರ ಸತೀಶನ ಆಟೋವನ್ನು ದಾರಿಯಲ್ಲಿ ಎರಡು ಕಡೆ ನಿಲ್ಲಿಸಿದವಳು, ಮೊನ್ನೆ ಹನ್ನೆರಡನೆಯ ವಾರದ್ದು ಮುಗಿಸಿ ಶಿರಸಿಯಿಂದ ಬಸ್ಸಿನಲ್ಲೇ ಬಂದೆ. ಎಲ್ಲೂ ಇಳಿಯಲಿಲ್ಲ. ಆ ಹುಡುಗಿಯನ್ನು ಹೆತ್ತವಳು ಪುಣ್ಯವಂತೆ.

ಸಿದ್ದವ್ವನವರಿಗೆ ನಮಸ್ಕಾರ. ನೀನೂ ಆನಂದನೂ ನೂರು ಕಾಲ ಚೆನ್ನಾಗಿರಿ. ಅಭಿಜ್ಞಾಳ ಕೆನ್ನೆಗೆ ನನ್ನದೊಂದು ಮುತ್ತು.

ನಿನ್ನ ಆಯಿ,
ದೇವಕಿ

ತಾ.ಕ.: ನಾಮಕರಣದ ಹಿಂದಿನ ದಿನ “ಯಂಗೆ ವ್ರತ ಇದ್ದು, ಹೊರಗೆ ಉಂಬಲಾಗ್ತಿಲ್ಲೆ” ಎಂದೆನಲ್ಲ, ಅದು ಸುಳ್ಳು; ಹೊರಗೆ ಉಣ್ಣಬಾರದ ವ್ರತ ನನಗೆ ಯಾವುದೂ ಇರಲಿಲ್ಲ. ಬೀಗರ ಮುಂದೆ ಒದ್ದೆ ಸೀರೆಯಲ್ಲಿ ಬಸ್ಸಿಳಿಯುವ ಹೆದರಿಕೆಗೆ ಆ ನೆಪ ಬಾಯಿಗೆ ಬಂತು. ಬೇರೆ ಜಾತಿಯವರ ಮನೆಯೆಂದು ಬರಲಿಲ್ಲ ಎಂದು ಸಿದ್ದವ್ವನವರು ನೊಂದಿದ್ದರೆ ತಪ್ಪು ಪೂರಾ ನನ್ನದು. ಈ ಕಾಗದವನ್ನು ಅವರಿಗೆ ಓದಿ ಹೇಳು; ನಾಚಿಕೆಯ ಸಂಗತಿಯೆಂದು ಒಂದು ಸಾಲನ್ನೂ ಬಿಡಬೇಡ. ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಅವರು ಬಡಿಸಿದರೆ ಅವರ ಪಕ್ಕದಲ್ಲೇ ಕೂತು ಉಣ್ಣುತ್ತೇನೆ.