ನಿಮ್ಮ ಗಮನಕ್ಕೆ ಬಾರದ ಹೊಟ್ಟೆನೋವು

ಮಾನ್ಯ ಅಂಚೆ ಕಚೇರಿಯ ಮುಖ್ಯಾಧಿಕಾರಿಗಳೇ,

ನನ್ನ ಹೊಟ್ಟೆನೋವು ಎಂದೂ ನಿಮ್ಮ ಗಮನಕ್ಕೆ ಬಂದಿಲ್ಲವೆಂದು ನೀವು ಇಲಾಖೆಯ ವೈದ್ಯರ ಮುಂದೆ ಹೇಳಿದಿರಿ. ನಾನು ಅದೇ ಕೋಣೆಯಲ್ಲಿ, ನಿಮ್ಮ ಎದುರಿಗೇ ಕುಳಿತಿದ್ದೆ. ಸುಳ್ಳು ಹೇಳುವವರು ಸಾಮಾನ್ಯವಾಗಿ ಕಣ್ಣು ತಪ್ಪಿಸುತ್ತಾರೆ, ನೀವು ತಪ್ಪಿಸಲಿಲ್ಲ. ಅಧಿಕಾರ ಕಲಿಸುವ ವಿದ್ಯೆಗಳಲ್ಲಿ ಅದೂ ಒಂದಿರಬೇಕು. ಮುಚ್ಚಿದ ಕೋಣೆಯಲ್ಲಿ ನೀವಾಡಿದ ಮಾತಿಗೆ ನಾನು ಎಲ್ಲರ ಎದುರು ಉತ್ತರ ಕೊಡುತ್ತಿದ್ದೇನೆ. ಅದಕ್ಕೇ ಈ ಪತ್ರ ನಿಮ್ಮ ಮೇಜಿಗೆ ಬರದೆ ಪತ್ರಿಕೆಗೆ ಹೋಗುತ್ತಿದೆ. ಅಂಚೆಯವಳೇ ಅಂಚೆಯನ್ನು ನಂಬದಿರುವುದು ನಾಚಿಕೆಗೇಡು, ಒಪ್ಪುತ್ತೇನೆ.

ಓದುವವರಿಗೆ ತಿಳಿಯಲಿ: ನನಗಿದ್ದದ್ದು ಎಂಡೋಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದ್ದೇ ಒಂದು ಪದರ ಹೊರಗೆ ಬೆಳೆದು, ಅಂಡಾಶಯ ಕರುಳುಗಳನ್ನೆಲ್ಲ ಒಂದಕ್ಕೊಂದು ಅಂಟಿಸಿಬಿಡುವ ಕಾಯಿಲೆ. ಈ ಹೆಸರು ಸಿಗುವ ಮೊದಲು ವರ್ಷಗಟ್ಟಲೆ ಅದಕ್ಕೆ ಬೇರೆ ಹೆಸರುಗಳಿದ್ದವು: ಗ್ಯಾಸು, ಸೋಮಾರಿತನ, ‘ಎಲ್ಲಾ ಹೆಂಗಸರಿಗೂ ಆಗೋದೇ’. ಮದುವೆಯಾದರೆ ಹೋಗುತ್ತದೆ ಎಂದರು. ಮದುವೆಯಾಯಿತು, ನೋವೂ ಹೋಗಲಿಲ್ಲ, ಪುಣ್ಯಕ್ಕೆ ಗಂಡನೂ ಬಿಟ್ಟುಹೋಗಲಿಲ್ಲ. ಕೊನೆಗೆ ಹೊಟ್ಟೆಗೆ ಗಾಳಿ ತುಂಬಿ, ಸಣ್ಣ ತೂತುಗಳಿಂದ ಉಪಕರಣ ಇಳಿಸಿ, ಅಂಟಿದ್ದನ್ನೆಲ್ಲ ಬಿಡಿಸಿದರು. ಎಚ್ಚರವಾದಾಗ ಹೊಟ್ಟೆಗಿಂತ ಹೆಗಲೇ ಹೆಚ್ಚು ನೋಯುತ್ತಿತ್ತು. ಒಳಗೆ ಉಳಿದ ಗಾಳಿಯ ಕಾಟವಂತೆ. ನೋಡಿಕೊಳ್ಳಲು ಬಂದಿದ್ದ ಚಿಕ್ಕಮ್ಮ, “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅನ್ನೋದು ಇದಕ್ಕೇ ನೋಡು” ಎಂದರು. ನನಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಹೊಲಿಗೆ ಎಳೆಯುತ್ತದೆ. ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು ಅತ್ತುಬಿಟ್ಟೆ. ಅಂದಿನಿಂದ ನನ್ನ ಗಂಡ ಮನೆಯಲ್ಲಿ ಯಾರೂ ಜೋಕ್ ಹೇಳಕೂಡದೆಂದು ಆಜ್ಞೆ ಹೊರಡಿಸಿದರು. ನೋಡಿ, ಕೆಲವು ಆಜ್ಞೆಗಳನ್ನು ಪ್ರೀತಿಯಿಂದಲೂ ಹೊರಡಿಸಬಹುದು.

ಕೆಲಸಕ್ಕೆ ಮರಳಿದಾಗ ನಾನು ಕೇಳಿದ್ದೇನು? ಬಡ್ತಿಯೇ? ಹವಾನಿಯಂತ್ರಿತ ಕೋಣೆಯೇ? ಒಳಗಿನ ಗಾಯ ಮಾಗುವವರೆಗೆ ಪಾರ್ಸೆಲ್ ಕೋಣೆಯ ಸರದಿ ಬೇಡ, ಮೂಟೆ ಎತ್ತಿಸಬೇಡಿ, ನನ್ನ ಮೂರನೇ ಕಿಟಕಿಯಲ್ಲೇ ಕುಳಿತು ಸ್ಟಾಂಪು ಮಾರುತ್ತೇನೆ ಎಂದೆ, ಅಷ್ಟೆ. ಆಪರೇಷನ್ ಮಾಡಿದ ಡಾಕ್ಟರಮ್ಮನೂ ಅದನ್ನೇ ಬರೆದುಕೊಟ್ಟಿದ್ದರು. ಇಲಾಖೆಯ ವೈದ್ಯರು ನನ್ನ ಹೊಟ್ಟೆಯ ಮೇಲಿನ ಗುರುತುಗಳನ್ನು ನೋಡಿ, “ಇಷ್ಟೇನಾ? ನಮ್ಮ ಕಾಲದಲ್ಲಿ ಉದ್ದಕ್ಕೂ ಕೊಯ್ತಿದ್ರಮ್ಮ” ಎಂದರು. ಬಾಗಿಲು ಚಿಕ್ಕದಿದ್ದರೆ ಮನೆಯೊಳಗೆ ಕಳ್ಳತನವೇ ಆಗಿಲ್ಲವೆಂದು ತೀರ್ಮಾನಿಸುವವರು ಅವರು. ಆದರೂ ಪಾಪ, ನಿಮ್ಮನ್ನೊಂದು ಮಾತು ಕೇಳಿದರು: “ಮೇಡಂ, ನೀವು ಇವರ ಜೊತೆ ಕೆಲಸ ಮಾಡಿದವರಂತೆ. ಮೊದಲಿಂದ್ಲೂ ಈ ತೊಂದರೆ ಇತ್ತಾ?” ನನಗೆ ಎಷ್ಟು ಸಮಾಧಾನವಾಯಿತೆಂದರೆ, ಚೀಲ ಎತ್ತಿಕೊಂಡು ಏಳಲು ಸಿದ್ಧಳಾದೆ. ಇನ್ನೇನು, ಅಕ್ಕ, ನೀವೇ ಹೇಳುತ್ತೀರಲ್ಲ!

“ನನ್ನ ಗಮನಕ್ಕೆ ಬಂದಿಲ್ಲ.”

ಹಾಗಾದರೆ ಆ ಬೂದು ಬಣ್ಣದ ಸ್ವೆಟರ್ ಯಾರ ಗಮನಕ್ಕೆ ಬಂದದ್ದು ಮೇಡಂ? ನೀವಿನ್ನೂ ಎರಡನೇ ಕಿಟಕಿಯಲ್ಲಿದ್ದಾಗ, ನಾವೆಲ್ಲ ನಿಮ್ಮನ್ನು ಅಕ್ಕ ಎನ್ನುತ್ತಿದ್ದಾಗ, ಊಟದ ಬಿಡುವಿನಲ್ಲಿ ನೀವು ಹೆಣೆದದ್ದು ಅದು. ಒಂದು ತೋಳು ಗಿಡ್ಡ, ಇನ್ನೊಂದು ಮೊಣಕಾಲು ಮುಟ್ಟುವಷ್ಟು ಉದ್ದ. ಯಾರೂ ಹಾಕಿಕೊಳ್ಳಲಾರದ ಆ ಸ್ವೆಟರಿಗೆ ನೀವೇ ಒಂದು ಉದ್ಯೋಗ ಹುಡುಕಿದಿರಿ. ನೋವು ಬಂದವಳು ಪಾರ್ಸೆಲ್ ಕೋಣೆಯ ಮೂಟೆಗಳ ಹಿಂದೆ ಮಲಗಲು ಹೋದರೆ ಅವಳ ಕುರ್ಚಿಯ ಬೆನ್ನಿಗೆ ಆ ಸ್ವೆಟರ್. ಅಂದರೆ ಇವಳ ಸಾಲನ್ನು ಪಕ್ಕದವಳು ನೋಡಿಕೊಳ್ಳಬೇಕು, ಜನ ಕೇಳಿದರೆ “ಈಗ ಬರ್ತಾರೆ” ಎನ್ನಬೇಕು, ಬೇರೇನೂ ಹೇಳಬಾರದು, ಕೇಳಬಾರದು. ಆ ಸ್ವೆಟರಿನ ಮಾತು ಗೊತ್ತಿಲ್ಲದ ಹೆಂಗಸು ನಮ್ಮ ಕಚೇರಿಯಲ್ಲಿರಲಿಲ್ಲ. ಗೊತ್ತಿರುವ ಗಂಡಸೂ ಇರಲಿಲ್ಲ.

ಎಲ್ಲರಿಗಿಂತ ಹೆಚ್ಚು ಸಲ ಅದು ತೂಗಿದ್ದು ನನ್ನ ಕುರ್ಚಿಯ ಮೇಲೆ. ಹಾಕಿದವರು ನೀವು. ನಾನು ತುಟಿ ಕಚ್ಚಿ ಮೊಹರು ಒತ್ತುತ್ತಿದ್ದರೆ, ಸದ್ದು ಕೇಳಿಯೇ ನಿಮಗೆ ಗೊತ್ತಾಗುತ್ತಿತ್ತು. “ಮೊಹರು ಮೆತ್ತಗೆ ಬೀಳ್ತಿದೆ ಕಣೇ. ಏಳು, ಮಲ್ಕೋ ಹೋಗು. ನಿನ್ನ ಸಾಲು ನಾನು ನೋಡ್ಕೋತೀನಿ” ಎನ್ನುತ್ತಿದ್ದಿರಿ. ನನ್ನ ಹೆತ್ತಮ್ಮನೇ ‘ಸ್ವಲ್ಪ ತಡ್ಕೋಬೇಕಮ್ಮ’ ಎನ್ನುತ್ತಿದ್ದ ಕಾಲ ಅದು. ನನ್ನ ನೋವನ್ನು ಲೋಕದಲ್ಲಿ ಮೊದಲು ನಂಬಿದವರು ನೀವು. ನೀವು ನಂಬಿದ ಮೇಲೆಯೇ ನಾನೂ ಅದನ್ನು ನಂಬಿ ಡಾಕ್ಟರ ಬಳಿ ಹೋದೆ. ಕೈ ಹಿಡಿದವರೇ ಕೈ ಕೊಟ್ಟರೆ ಯಾರಿಗೆ ದೂರುವುದು? ಗಾಯಕ್ಕೆ ಮಾತ್ರೆ ಇದೆ, ಇದಕ್ಕೆ ಏನಿದೆ ಹೇಳಿ.

ನಮ್ಮ ದಡ್ಡತನವನ್ನೂ ಹೇಳಿಬಿಡುತ್ತೇನೆ. ನೀವು ಬಡ್ತಿ ಪಡೆದು ಒಳಗಿನ ಕೋಣೆಗೆ ಹೋದ ಹೊಸದರಲ್ಲೇ ‘ಕುರ್ಚಿಗಳ ಮೇಲೆ ಬಟ್ಟೆ ಹಾಕಕೂಡದು’ ಎಂದು ಸುತ್ತೋಲೆ ಹೊರಡಿಸಿದಿರಿ. ನಾವು ನಕ್ಕೆವು. ಮೇಲಿನವರ ಕಣ್ಣಿಗೆ ಮಣ್ಣೆರಚಲು ಅಕ್ಕ ಮಾಡಿದ ಉಪಾಯ ಎಂದುಕೊಂಡು, ಸ್ವೆಟರನ್ನು ಡ್ರಾಯರಿನಲ್ಲಿ ಜೋಪಾನ ಮಾಡಿದೆವು. ನೀವು ನಮ್ಮ ಪರವಾಗಿ ನಾಟಕವಾಡುತ್ತಿದ್ದೀರೆಂದು ನಂಬಿ, ನಿಮ್ಮ ಪ್ರತಿಯೊಂದು ಗದರಿಕೆಗೂ ಒಳಗೊಳಗೇ ಚಪ್ಪಾಳೆ ತಟ್ಟಿದವರು ನಾವು. ಹತ್ತಿದ ಏಣಿಯನ್ನು ಒದ್ದವರನ್ನು ನೋಡಿದ್ದೆವು. ಏಣಿಯೇ ತನ್ನ ಗಮನಕ್ಕೆ ಬಂದಿಲ್ಲ ಎಂದವರನ್ನು ಇದೇ ಮೊದಲು ನೋಡಿದ್ದು.

ವೈದ್ಯರು ‘ಭಾರ ಎತ್ತಲು ಯೋಗ್ಯಳು’ ಎಂದು ಬರೆದರು. ನಾನು ಪಾರ್ಸೆಲ್ ಕೋಣೆಗೆ ಹೋದೆ. ಮೂಟೆ ಎತ್ತಿದೆ. ಹೊಟ್ಟೆಯೊಳಗೆ ಏನೋ ಪಟ್ಟನೆ ಬಿಟ್ಟುಕೊಂಡಿತು, ನಾನು ಕುಸಿದೆ. ಬಿದ್ದದ್ದು ಎಲ್ಲಿ ಎಂದುಕೊಂಡಿರಿ? ನೀವು ನನ್ನನ್ನು ಮಲಗಲು ಕಳಿಸುತ್ತಿದ್ದ ಮೂಲೆಯಲ್ಲೇ. ಈಗ ಮತ್ತೆ ಹಾಸಿಗೆ, ಮತ್ತೆ ಅದೇ ದಿಂಬು, ಅದೇ ಚಿಕ್ಕಮ್ಮ. ಒಳಗೆ ರಕ್ತ ಒಸರಿದೆಯಂತೆ. ಇನ್ನೊಂದು ಆಪರೇಷನ್ ಬೇಕಾಗಬಹುದು, ಕಾದು ನೋಡೋಣ ಎಂದಿದ್ದಾರೆ ಡಾಕ್ಟರಮ್ಮ. ಕಾಯುತ್ತಿದ್ದೇನೆ. ಭಯವಾಗುತ್ತಿದೆ.

ನನ್ನ ಬೇಡಿಕೆ ದೊಡ್ಡದಲ್ಲ. ಇಲಾಖೆಯ ವೈದ್ಯರಿಗೆ ‘ಈಕೆಯ ನೋವು ನನಗೆ ಗೊತ್ತಿತ್ತು’ ಎಂದು ನಿಮ್ಮ ಕೈಯಾರೆ ಬರೆದುಕೊಡಿ. ನನ್ನ ಕಿಟಕಿಯನ್ನು ನನಗೆ ಬಿಡಿ. ಬಟ್ಟೆಯ ಸುತ್ತೋಲೆಯನ್ನು ವಾಪಸ್ ತೆಗೆದುಕೊಳ್ಳಿ, ಏಕೆಂದರೆ ನಾಳೆ ಇನ್ನೊಬ್ಬಳ ಮೊಹರು ಮೆತ್ತಗೆ ಬೀಳುತ್ತದೆ.

ನಿನ್ನೆ ನಾಲ್ಕನೇ ಕಿಟಕಿಯವಳು ಫೋನು ಮಾಡಿದ್ದಳು. “ನಿನ್ನ ಕುರ್ಚಿ ಎತ್ತಿಸಿಬಿಟ್ರು ಕಣೇ. ಸ್ವೆಟರ್ ಹಾಕೋಕೆ ಜಾಗಾನೇ ಇಲ್ಲ. ಅದಕ್ಕೆ ಅಕ್ಕ ಮೀಟಿಂಗಿಗೆ ಹೋದಾಗ ಅವರ ಕುರ್ಚಿಗೇ ಹಾಕಿ ಬಂದೆ” ಎಂದಳು. ನೀವು ನೋಡಿರುತ್ತೀರಿ. ಕೋಪ ಮಾಡಿಕೊಳ್ಳಬೇಡಿ, ಅದು ಅವಮಾನವಲ್ಲ. ಅದರ ಅರ್ಥ ನಿಮಗೆ ಚೆನ್ನಾಗಿ ಗೊತ್ತು. ನಮ್ಮ ಅಕ್ಕ ಎಲ್ಲಿ ಎಂದು ಯಾರಾದರೂ ಕೇಳಿದರೆ, ಕಿಟಕಿಗಳ ಸಾಲಿನಲ್ಲಿ ಎಲ್ಲರೂ ಈಗಲೂ ಒಂದೇ ಮಾತು ಹೇಳುತ್ತಿದ್ದಾರೆ: “ಈಗ ಬರ್ತಾರೆ.”

ಇಂತಿ,
ನಿಮ್ಮ ಗಮನಕ್ಕಾಗಿ ಇನ್ನೂ ಸಾಲಿನಲ್ಲೇ ನಿಂತಿರುವ
ಮೂರನೇ ಕಿಟಕಿಯವಳು