ಸೀಸಕ್ಕೆ ನಲವತ್ತನಾಲ್ಕು ಉಂಡೆ ಕಡಿಮೆ

ಮಂಗಳವಾರ, ೧೪ನೇ ತಾರೀಖು

ಮಗಳೇ,

ನಿನಗೆ ಕೋಪ ಬಂದದ್ದಲ್ಲ ವಿಷಯ, ನಾನು ಯಾಕೆ ಕ್ಷಮೆ ಕೇಳಬೇಕು ಎನ್ನುವುದು ವಿಷಯ. ನಿನ್ನೆ ನನ್ನ ಮಾತು ಮುಗಿಯುವ ಮೊದಲೇ ನೀನು ಫೋನ್ ಇಟ್ಟುಬಿಟ್ಟೆ. ಕಾಗದವನ್ನು ಹಾಗೆ ಇಡಲಾಗದು, ಅದಕ್ಕೇ ಬರೆಯುತ್ತಿದ್ದೇನೆ. ಆ ಜಗಳವಾಗಿ ಎರಡು ವಾರ ಬರೆಯದೆ ತಡಮಾಡಿದ್ದು ನನ್ನದೇ ತಪ್ಪು, ಕನ್ನಡಕದ ಕಾಲು ಮುರಿದಿತ್ತು ಅಂತಿಟ್ಟುಕೋ. ಆದರೆ "ಅವರ ಹತ್ರ ಸಾರಿ ಕೇಳೋವರೆಗೂ ಆ ಮನೆಗೆ ಕಾಲಿಡಲ್ಲ" ಎಂದೆಯಲ್ಲ, ಯಾರ ಹತ್ತಿರ? ನಿನ್ನ ಗಂಡನ ಹತ್ತಿರವೇ?

ಮೂವತ್ತು ವರ್ಷ ಕಾಲೇಜಿನ ಭೌತಶಾಸ್ತ್ರದ ಲ್ಯಾಬ್ ನೋಡಿಕೊಂಡವನು ನಾನು. ಅವನ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಕರೆದರು, ಹೋದೆ. ಅಳಿಯಂದಿರು, ಡ್ರಾಯಿಂಗ್ ಮೇಷ್ಟ್ರು, ಸೀಸದ ಪರಮಾಣುವಿನ ನ್ಯೂಕ್ಲಿಯಸ್ ಮಾದರಿ ಮಾಡಿ ನಿಲ್ಲಿಸಿದ್ದರು. ಎಂಬತ್ತೆರಡು ಕೆಂಪು ಉಂಡೆ, ಎಂಬತ್ತೆರಡು ಬಿಳಿ. "ಎರಡೂ ಸಮ ಇದ್ರೆ ನೋಡೋಕೆ ಲಕ್ಷಣವಾಗಿರುತ್ತೆ ಮಾವ" ಅಂದ. ಲಕ್ಷಣವಂತೆ! ಅದೇನು ಕಿಟಕಿಯ ಪರದೆಯೇ?

ಕೆಂಪು ಪ್ರೋಟಾನುಗಳಿಗೆ ಒಂದನ್ನು ಕಂಡರೆ ಒಂದಕ್ಕಾಗದು. ಲೈಕ್ ಚಾರ್ಜಸ್ ರಿಪೆಲ್, ಜಂಟಲ್‌ಮೆನ್ ಎಂದು ನಮ್ಮ ಪ್ರೊಫೆಸರ್ ಮೇಜು ಕುಟ್ಟುತ್ತಿದ್ದರು, ಮುಂದಿನದು ಮರೆತಿದೆ. ಆ ಹಗೆ ಈ ತುದಿಯಿಂದ ಆ ತುದಿಗೂ ಮುಟ್ಟುತ್ತದೆ. ಹಿಡಿದಿಡುವ ಬಲವೋ, ಪಕ್ಕದವನ ಹೆಗಲಿಗಷ್ಟೇ ಎಟಕುತ್ತದೆ. ಸಣ್ಣ ನ್ಯೂಕ್ಲಿಯಸ್ಸಿಗೆ ಸಮಸಮ ಸಾಕು. ದೊಡ್ಡದಾದಂತೆಲ್ಲ ಜಗಳಕ್ಕೆ ಹೋಗದೆ ಬರೀ ಹಿಡಿದುಕೊಳ್ಳುವ ಬಿಳಿ ನ್ಯೂಟ್ರಾನು ಹೆಚ್ಚು ಬೇಕು. ಗಟ್ಟಿ ಸೀಸಕ್ಕೆ ನೂರ ಇಪ್ಪತ್ತಾರು. ಎಂಬತ್ತೆರಡು, ನೂರ ಇಪ್ಪತ್ತಾರು, ಎರಡೂ ಮ್ಯಾಜಿಕ್ ನಂಬರ್, ಅಂದರೆ ನ್ಯೂಕ್ಲಿಯಸ್ ಗಟ್ಟಿಯಾಗಿ ನಿಲ್ಲುವ ಲೆಕ್ಕ. ಬಸ್ಸಿನ ಸೀಟೆಲ್ಲ ಭರ್ತಿಯಾದ ಹಾಗೆ, ಒಬ್ಬನೂ ಅಲ್ಲಾಡುವುದಿಲ್ಲ. ಇವನ ಸೀಸ ಕಣ್ಣು ಮಿಟುಕಿಸುವುದರೊಳಗೆ ಚೆಲ್ಲಾಪಿಲ್ಲಿ.

"ಇಷ್ಟೂ ಗೊತ್ತಿಲ್ಲದ ಕತ್ತೆಗೆ ಮಗಳನ್ನ ಕೊಟ್ಟೆನಲ್ಲ" ಎಂದು ಗಟ್ಟಿಯಾಗಿಯೇ ಅಂದೆ. ಮಕ್ಕಳು, ಹೆಡ್ಮಾಸ್ತರು, ಜವಾನ, ಎಲ್ಲರೂ ಕೇಳಿಸಿಕೊಂಡರು. ಕೇಳಲಿ! ಕತ್ತೆಯನ್ನು ಕುದುರೆ ಎನ್ನಲೇ? ನಿಮ್ಮಮ್ಮ ಇದ್ದಿದ್ದರೆ "ನಿಮ್ಮ ಬಾಯಿಗೊಂದು ಬೀಗ ಹಾಕ್ಬೇಕು ರೀ" ಅನ್ನುತ್ತಿದ್ದಳು. ಅವಳೂ ಇಲ್ಲ, ಬೀಗವೂ ಇಲ್ಲ.

ಸುಖವಾಗಿರಿ, ಹೊತ್ತಿಗೆ ಸರಿಯಾಗಿ ಉಣ್ಣಿ. ಆಶೀರ್ವಾದವನ್ನು ಅರ್ಧ ಮಾಡಿ ಕೊಡಲು ಬಾರದೆಂದು ಅವನನ್ನೂ ಸೇರಿಸಿದ್ದೇನೆ.

ನಿನ್ನ
ಅಪ್ಪ

ವಿ.ಸೂ.: ಒಂದು ಬಿಟ್ಟಿದ್ದೆ. ಆಮೇಲೆ ಹುಡುಗರೆಲ್ಲ ಗೊಳ್ಳೆಂದು ನಕ್ಕರು, ಅವನನ್ನು ನೋಡಿ ಅಲ್ಲ, ನನ್ನನ್ನು ನೋಡಿ. ಕೂಗಾಟದಲ್ಲಿ ನನ್ನ ಹಲ್ಲಿನ ಸೆಟ್ಟು ಕಳಚಿ ಬಿದ್ದಿತ್ತು. ನಿನ್ನ ಗಂಡ ನಗಲಿಲ್ಲ. ಅದನ್ನು ಎತ್ತಿ, ತೊಳೆದು, ತನ್ನ ಕರವಸ್ತ್ರದಲ್ಲಿ ಸುತ್ತಿ ಕೊಟ್ಟ. "ಕೂತ್ಕೊಳ್ಳಿ ಮಾವ, ಬಿಳಿ ಇನ್ನೆಷ್ಟು ಬೇಕು ಹೇಳಿ, ಈಗ್ಲೇ ಅಂಟಿಸ್ತೀನಿ" ಅಂದ. ನಿಮ್ಮಮ್ಮ ಹೋದ ಮೇಲೆ ಕೂತ್ಕೊಳ್ಳಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ಇನ್ನೂ ನಾಲ್ಕು ಮಾತು ಬೈದು ಎದ್ದು ಬಂದೆ. ಭಾನುವಾರ ಅವನನ್ನೂ ಕರೆದುಕೊಂಡು ಬಾ, ನಾನೇ ಅವನಿಗೆ... ಅಕ್ಷರ ಕಾಣಿಸುತ್ತಿಲ್ಲ, ಬೆಳಕು ಹೋಗುತ್ತಿದೆ.