ಆಷಾಢಕ್ಕೆ ಕರೆಯಲು ಬರಬೇಡಿ

ಚಂದ್ರಾ ಲೇಔಟ್
ಭಾನುವಾರ

ಪ್ರೀತಿಯ ಅಪ್ಪ,

ಫೋನಿನಲ್ಲಿ ಮಾತಾಡುವಾಗ ಪಕ್ಕದಲ್ಲಿ ಯಾರಾದರೂ ಇದ್ದೇ ಇರುತ್ತಾರೆ, ಅದಕ್ಕೇ ಈ ಪತ್ರ. ನಾನು ತುಂಬಾ ತುಂಬಾ ಖುಷಿಯಾಗಿದ್ದೇನೆ. ಲೋಹಿತ್ ದಿನಾ ಮಲ್ಲಿಗೆ ತರುತ್ತಾರೆ.

ಆಷಾಢಕ್ಕೆ ನನ್ನನ್ನು ಕರೆಯಲು ಕೆಂಗೇರಿಯಿಂದ ಬರಬೇಡಿ. ಅತ್ತೆ ಸೊಸೆ ಒಂದೇ ಸೂರಿನಡಿ ಇರಬಾರದು, ಅಷ್ಟೇ ತಾನೇ? "ನೀನ್ಯಾಕೆ ಗಂಡನ್ನ ಬಿಟ್ಟು ಹೋಗ್ಬೇಕು, ನಾನೇ ಮಗಳ ಮನೆಗೆ ಹೋಗ್ತೀನಿ ಬಿಡು ಪುಟ್ಟಿ" ಎಂದು ಅತ್ತೆ ಆಗಲೇ ಬ್ಯಾಗು ತುಂಬಿಟ್ಟಿದ್ದಾರೆ. ಎಷ್ಟು ಒಳ್ಳೆಯವರು ನೋಡಿ. ಅವರು ಹೋದ ಮೇಲೆ ಹಾಸಿಗೆ ಹಿಡಿದ ಲೋಹಿತ್ ಅವರ ಅಜ್ಜಿಯನ್ನು ಹಗಲೆಲ್ಲ ನಾನೊಬ್ಬಳೇ ನೋಡಿಕೊಳ್ಳಬೇಕು.

ಆ ತಿಂಗಳು ನಿಮ್ಮಲ್ಲಿದ್ದು ಓದಿ, ಗಣಿತದ ಡಿಗ್ರಿಯ ಕೊನೆಯ ಪೇಪರ್ ಬರೆಯುತ್ತೇನೆ ಎಂದುಕೊಂಡಿದ್ದೆ. ದೂರಶಿಕ್ಷಣಕ್ಕೆ ಸೇರಿ ಆರು ವರ್ಷವಾಯಿತು, ಈ ಸಲ ಬಿಟ್ಟರೆ ಮತ್ತೆ ಅವಕಾಶವಿಲ್ಲ. ಲೋಹಿತ್‌ಗೆ ಹೇಳಿದೆ. "ಡಿಗ್ರಿ ಇಲ್ದಿದ್ರೂ ನೀನೇ ನನ್ನ ಜೀನಿಯಸ್ ಕಣೇ" ಎಂದು ಕೆನ್ನೆ ಹಿಂಡಿದರು. ನಾನೂ ನಕ್ಕೆ.

ನನ್ನ ಪುಸ್ತಕಗಳನ್ನು ಎದುರುಮನೆ ಸುಮಾಗೆ ಕೊಡಿ. ಅಂಚಿನಲ್ಲಿ ನಾನು ಪೆನ್ಸಿಲ್‌ನಲ್ಲಿ ಮಾಡಿದ ಲೆಕ್ಕಗಳನ್ನು ಬೇಕಾದರೆ ಅಳಿಸಿಕೊಳ್ಳಲಿ.

ಪರೀಕ್ಷೆ ಹದಿನೆಂಟನೇ ತಾರೀಖು, ಹತ್ತರಿಂದ ಒಂದು ಗಂಟೆ. ಆ ಮೂರು ಗಂಟೆ ಮಾತ್ರ ಫೋನ್ ಮಾಡಬೇಡಿ ಅಪ್ಪ. ಮಿಕ್ಕಂತೆ ಯಾವಾಗ ಬೇಕಾದರೂ ಮಾಡಿ, ಅವತ್ತೂ ಮನೆಯಲ್ಲೇ ಇರುತ್ತೇನೆ.

ಅಮ್ಮನಿಗೊಂದು ಮುತ್ತು,
ನಿಮ್ಮ ಕೀರ್ತು